ಮೂಲೆಮನೆಯವರ ಪಾಲಿನ ಕಣ

ಇದನ್ನು ಹೇಳಬೇಕೆಂದು ಕುಳಿತು, ಹೇಳದೆ ಎದ್ದದ್ದು ಎಷ್ಟು ಸಲವೋ ನನಗೇ ನೆನಪಿಲ್ಲ. ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆಯೋಣ ಎಂದುಕೊಂಡೆ. ಪೊರೆ ತೆಗೆಸಿಯಾಯಿತು. ಮೊಮ್ಮಗಳ ಪರೀಕ್ಷೆ ಮುಗಿಯಲಿ ಎಂದೆ. ಅವಳು ಪರೀಕ್ಷೆ ಮುಗಿಸಿ, ಕಾಲೇಜು ಮುಗಿಸಿ, ಕೆಲಸಕ್ಕೂ ಸೇರಿದಳು. ಒಳ್ಳೆಯ ಪೆನ್ನಿಲ್ಲ ಎಂದು ಒಂದು ಇಡೀ ಮಳೆಗಾಲ ಕಳೆದದ್ದೂ ಉಂಟು. ನಾನು ಎಸ್ಸೆಲ್ಸಿ ಪಾಸಾದವನು. ನಮ್ಮೂರಿನಲ್ಲಿ ಆ ಕಾಲಕ್ಕೆ ಅದು ದೊಡ್ಡ ಓದು. ಓದಿದವರಿಗೆ ನೆಪಗಳು ಬಲು ಚೆನ್ನಾಗಿ ಹೊಳೆಯುತ್ತವೆ.

ಈ ಸಂಕ್ರಾಂತಿಯಲ್ಲಿ ಒಂದು ವಾಸನೆ ನನ್ನ ನೆಪಗಳನ್ನೆಲ್ಲ ಮುಗಿಸಿಬಿಟ್ಟಿತು.

ಮಹದೇವಪುರದ ಆಚೆ, ನಮ್ಮ ಊರಿದ್ದ ಜಾಗದಲ್ಲೇ ಎದ್ದಿರುವ ಅಪಾರ್ಟ್‌ಮೆಂಟಿನಲ್ಲಿ ನಾನಿದ್ದೇನೆ. ಬೆಳಿಗ್ಗೆ ವಾಕಿಂಗಿಗೆಂದು ಲಿಫ್ಟಿನಿಂದ ಇಳಿದವನಿಗೆ ಕಾರು ನಿಲ್ಲಿಸುವ ಕಡೆಯಿಂದ ಸಗಣಿಯ ಬಗ್ಗಡದ ವಾಸನೆ ಬಂತು. ಎಷ್ಟು ವರ್ಷವಾಗಿತ್ತು! ಕಾಲು ತಾನಾಗಿ ಅತ್ತ ನಡೆಯಿತು. ಹೋಗಿ ನೋಡಿದರೆ ನೆಲದ ಮೇಲೆ ನೀಲಿ ಪ್ಲಾಸ್ಟಿಕ್ ತಾಡಪಾಲು ಹಾಸಿದ್ದಾರೆ. ಅದರ ಮೇಲೆ, ದಿನಾ ಕಸ ಗುಡಿಸುವ ಇಬ್ಬರು ಹೆಂಗಸರು ಯೂನಿಫಾರಂ ಸೀರೆಯನ್ನು ಎತ್ತಿ ಕಟ್ಟಿ ಸಗಣಿ ಸಾರಿಸುತ್ತಿದ್ದಾರೆ. ಹಬ್ಬ ಮುಗಿದ ಮೇಲೆ ತಾಡಪಾಲಿನ ಸಮೇತ ಸುತ್ತಿ ಎಸೆಯಬಹುದು, ಟೈಲ್ಸಿಗೆ ಕಲೆಯಾಗುವುದಿಲ್ಲ. ಪಕ್ಕದಲ್ಲಿ ಥರ್ಮಾಕೋಲಿನ ಗುಡಿಸಲು, ಥರ್ಮಾಕೋಲಿನ ಬಾವಿ. ಮೇಲೆ ಬೋರ್ಡು: ‘ಹ್ಯಾಪಿ ವಿಲೇಜ್’. ಒಬ್ಬ ಹುಡುಗಿ ಮೂಗು ಮುಚ್ಚಿಕೊಂಡು ಸುತ್ತಲೂ ರೂಮ್ ಸ್ಪ್ರೇ ಹೊಡೆಯುತ್ತಿದ್ದಳು.

ನಮ್ಮ ಸಂಘದ ಕಾರ್ಯದರ್ಶಿ ಹುಬ್ಬಳ್ಳಿ ಕಡೆಯ ಹೆಣ್ಣುಮಗಳು. ಕೆಟ್ಟವರಲ್ಲ, ಉತ್ಸಾಹ ಹೆಚ್ಚು. ನನ್ನನ್ನು ಕಂಡವರೇ ಓಡಿಬಂದರು.

“ಅಜ್ಜಾರ, ನೀವಽ ಇಲ್ಲಿ ಒರಿಜಿನಲ್ ಮಂದಿ ಅಂತಲ್ರೀ! ಸಂಜೀಕ ಸ್ಟೇಜ್ ಮ್ಯಾಲೆ ಎರಡು ಮಾತಾಡ್ರಿ. ಹಳ್ಳಿ ಜೀವನ ಎಷ್ಟು ಸರಳ, ಎಷ್ಟು ಸುಖ ಇತ್ತು ಅಂತ ಹೇಳ್ರಿ. ಐದು ನಿಮಿಷ ಸಾಕ್ರಿ.”

ಸಿಟ್ಟು ಬಂತು. ಯಾಕೆ ಎನ್ನುತ್ತೀರಾ? ಇದೇ ಸಂಘದವರು ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿಗೆ ನೋಟೀಸು ಕೊಟ್ಟಿದ್ದರು. ಅವಳು ಅವರೆಕಾಯಿ ಮೊರಕ್ಕೆ ಸುರಿದುಕೊಂಡು ಮನೆಯ ಮುಂದಿನ ಕಾರಿಡಾರಿನಲ್ಲಿ ಕುಳಿತಿದ್ದಳು. ಎದುರು ಬಾಗಿಲಿನ ಹೆಂಗಸಾದರೂ ಬಂದು ಕೈಜೋಡಿಸಿಯಾರು ಎಂಬ ಆಸೆ. ಎದುರು ಬಾಗಿಲು ತೆರೆಯಲಿಲ್ಲ. ಸಂಜೆಯೊಳಗೆ ಮಗಳ ಮೊಬೈಲಿಗೆ ಮೆಸೇಜು ಬಂತು. ಸಾರ್ವಜನಿಕ ಜಾಗದಲ್ಲಿ ಕುಳಿತು ತರಕಾರಿ ಬಿಡಿಸಬಾರದು, ಸಿಪ್ಪೆಯಿಂದ ಹುಳ ಬರುತ್ತದೆ. ಎದುರು ಬಾಗಿಲಿನಿಂದ ನಮ್ಮ ಬಾಗಿಲಿಗೆ ಆರು ಹೆಜ್ಜೆ. ಆ ದೂರು ಆರು ಹೆಜ್ಜೆ ನಡೆಯಲಾರದೆ ಫೋನಿನೊಳಗೆ ಸುತ್ತಿ ಬಂದಿತ್ತು. ಅಂಥವರು ಈಗ ವರ್ಷಕ್ಕೊಂದು ದಿನ ಪ್ಲಾಸ್ಟಿಕ್ಕಿಗೆ ಸಗಣಿ ಬಳಿದು ಸುಖ ಎಲ್ಲಿತ್ತು ಎಂದು ನನ್ನನ್ನು ಕೇಳುತ್ತಾರೆ.

ಆದರೆ ಪೂರ್ತಿ ಹೇಳಬೇಕಲ್ಲ. ಸಂಜೆ ನಾನು ಬಿಳಿ ಪಂಚೆ ಉಟ್ಟು ಸ್ಟೇಜು ಹತ್ತಿದೆ. “ಆಗ ಎಲ್ಲರೂ ಒಂದೇ ಮನೆಯವರ ಹಾಗಿದ್ದೆವು, ಒಬ್ಬರ ಕಷ್ಟಕ್ಕೆ ಒಬ್ಬರು ಆಗುತ್ತಿದ್ದೆವು” ಎಂದೆ. ಜನ ಚಪ್ಪಾಳೆ ತಟ್ಟಿದರು. ಇಳಿದು ಬರುವಾಗ ಪಂಚೆಯ ಅಂಚು ಆ ಹಸಿ ಸಗಣಿಗೆ ತಾಗಿತು. ಮನೆಗೆ ಬಂದು ಸೋಪು ಹಾಕಿ ತಿಕ್ಕುತ್ತ ನಿಂತಾಗ, ಸಿಟ್ಟು ಇನ್ನು ಯಾರ ಮೇಲೂ ಉಳಿದಿರಲಿಲ್ಲ, ನನ್ನ ಮೇಲೆ ಮಾತ್ರ ಇತ್ತು. ಯಾಕೆಂದರೆ ಅವರು ತಾಡಪಾಲು ಹಾಸಿದ್ದ ಆ ಜಾಗವೇ ನಮ್ಮ ಕಣ.

ಕಣ ನೋಡದವರಿಗೆ ಒಂದಿಷ್ಟು ಹೇಳುತ್ತೇನೆ. ರಾಗಿ ಕೊಯ್ದು ತಂದು ಮೆದೆ ಒಟ್ಟಿ, ಹರಡಿ, ಮೇಲೆ ಕಲ್ಲಿನ ಗುಂಡು ಉರುಳಿಸಿ ಕಾಳು ಬಿಡಿಸುವ ಬಯಲು ಅದು. ನಮ್ಮದು ನಾಲ್ಕು ಮನೆಗಳಿಗೆ ಸೇರಿದ ಕಣ. ಪಹಣಿಯಲ್ಲಿ ನಮ್ಮಜ್ಜನ ಹೆಸರೇ ಇದ್ದರೂ ನಾಲ್ಕು ಮನೆಗೂ ಸಮಪಾಲು ಎಂಬುದು ಊರಿಗೆಲ್ಲ ಗೊತ್ತು. ಅದಕ್ಕೆ ಕಾಗದ ಇರಲಿಲ್ಲ. ನೆರೆಯವರ ಹತ್ತಿರ ಕಾಗದ ಕೇಳುವುದು ಅವರ ಮುಖಕ್ಕೆ ಉಗಿದಷ್ಟೇ ಅವಮಾನ. ಕಾಗದದ ಬದಲು ಇದ್ದದ್ದು ಸಗಣಿ. ಸುಗ್ಗಿಯ ಮೊದಲು ಹುಲ್ಲು ಕೆರೆದು, ನೀರು ಹಾಕಿ ಮೆಟ್ಟಿ, ನಾಲ್ಕು ಮನೆಯ ಹೆಂಗಸರೂ ಒಂದೇ ಬೆಳಿಗ್ಗೆ ಬಗ್ಗಡ ಕಲಸಿ ತಂತಮ್ಮ ಪಾಲು ಸಾರಿಸಬೇಕು. ಗೆರೆ ಎಳೆದಿರಲಿಲ್ಲ. ಆದರೂ ಯಾರ ಕೈ ಎಲ್ಲಿ ನಿಲ್ಲಬೇಕು ಎಂಬುದು ಆ ಕೈಗಳಿಗೆ ಗೊತ್ತಿತ್ತು. ಒಂದು ಮನೆಯ ಪಾಲು ಒಂದು ಸುಗ್ಗಿ ಸಾರಿಸದೆ ಒಣಗಿತೆಂದರೆ ಆ ಮನೆ ಕಣ ಬಿಟ್ಟಿತು ಎಂದೇ ಅರ್ಥ.

ಇನ್ನೂ ಒಂದಿತ್ತು. ಸಾವು ಸಂಭವಿಸಿದ ಮನೆಯವರು ಸೂತಕದಲ್ಲಿ ಕಣ ಮುಟ್ಟುವಂತಿಲ್ಲ. ಅಂಥ ವರ್ಷ ಪಕ್ಕದ ಮನೆಯ ಹೆಂಗಸು, ಯಾರೂ ಹೇಳದೆ, ಅವರ ಪಾಲನ್ನೂ ಸಾರಿಸಿ ಬರಬೇಕು. ಹೇಳಿಸಿಕೊಂಡು ಮಾಡಿದರೆ ಅದು ಕೆಲಸ, ಹೇಳದೆ ಮಾಡಿದರೆ ನೆರೆ. ಈ ಸರಳ ಜೀವನ ಸರಳ ಜೀವನ ಎನ್ನುತ್ತಾರಲ್ಲ, ಏನು ಸರಳ? ಬೆಳಗಿನ ಚಳಿಯಲ್ಲಿ ಮೊಣಕೈವರೆಗೆ ಸಗಣಿಯಲ್ಲಿ ಅದ್ದಿಕೊಂಡು ಸೊಂಟ ಬಗ್ಗಿಸಿದ ಹೆಂಗಸರನ್ನು ಕೇಳಬೇಕಿತ್ತು. ಸುಖ ಮಣ್ಣಿನಲ್ಲಿರಲಿಲ್ಲ, ಸಗಣಿಯಲ್ಲೂ ಇರಲಿಲ್ಲ. ನಾನು ಏಳಲಾಗದ ದಿನ ನನ್ನ ಪಾಲನ್ನು ಇನ್ನೊಬ್ಬರು ಸಾರಿಸಿರುತ್ತಾರೆ ಎಂಬ ನೆಮ್ಮದಿಯಲ್ಲಿತ್ತು. ಆ ನೆಮ್ಮದಿಗೆ ನಾವೆಲ್ಲ ಮೈಮುರಿದು ದುಡಿಯುತ್ತಿದ್ದೆವು.

ಕಣದ ಮೂಲೆಗೆ ತಾಗಿದ್ದ ಮನೆಯನ್ನು ಮೂಲೆಮನೆ ಎನ್ನುತ್ತಿದ್ದೆವು. ಆ ಮನೆಯೊಡತಿ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ನಾವು ಗಂಡ ಹೆಂಡತಿ ಅಕ್ಕ ಎನ್ನುತ್ತಿದ್ದೆವು, ನನ್ನ ಮಗಳು ದೊಡ್ಡಮ್ಮ ಎನ್ನುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ನಾನು ಆಗ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಕಾರ್ಖಾನೆ ಬಸ್ಸಿನಿಂದ ಇಳಿದು, ನೀಲಿ ಶರ್ಟು ತೊಟ್ಟು, ಕಪ್ಪು ಬೂಟ್ಸು ಕಿರುಗುಟ್ಟಿಸುತ್ತ ಕಣದ ನಡುವೆ ಹಾದುಹೋಗುವುದೆಂದರೆ ನನಗೇನೋ ಗತ್ತು. ಒಂದು ದಿನ ಅಕ್ಕ ಎಲ್ಲರ ಎದುರಿಗೇ ಕೂಗಿದರು.

“ಏಯ್ ತಮ್ಮಯ್ಯ, ಬೂಟ್ಸು ಬುಟ್ಟು ಬಾ! ನಿಮ್ ಸಾಯೇಬ್ರು ಬಂದ್ರೂ ಈ ಕಣದಾಗೆ ಬರಿಗಾಲೇ!”

ಹೆಂಗಸರೆಲ್ಲ ನಕ್ಕರು. ನಾನು ಬೂಟ್ಸು ಕೈಯಲ್ಲಿ ಹಿಡಿದು, ಕಾಲ್ಚೀಲದ ತೂತು ಮುಚ್ಚಿಕೊಳ್ಳಲು ಹೆಬ್ಬೆರಳು ಮಡಚಿಕೊಂಡು ನಡೆದೆ. ಅದನ್ನೂ ಅವರು ಕಂಡರು. “ನಾಳೀಕೆ ಕೊಡು, ವಲ್ದು ಕೊಡ್ತೀನಿ” ಎಂದರು.

ಅದೇ ಕಾರ್ಖಾನೆಯಲ್ಲಿ ಮುಷ್ಕರವಾಗಿ ಮೂರು ತಿಂಗಳು ಸಂಬಳ ನಿಂತಾಗ ನನ್ನ ಗತ್ತೆಲ್ಲ ಇಳಿದುಹೋಯಿತು. ಆ ವರ್ಷ ನಮ್ಮ ಹೊಲದಲ್ಲೂ ರಾಗಿ ಅಷ್ಟಕ್ಕಷ್ಟೆ. ಒಂದು ಮಧ್ಯಾಹ್ನ ಅಕ್ಕ ಮುಚ್ಚಿದ ತಟ್ಟೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತರು. “ಎಸ್ರು ಅಂದಾಜು ತಪ್ಪೋಯ್ತು ಕಣವ್ವ. ಮೂರು ಮುದ್ದೆ ಎಚ್ಚಾಗ್ಬುಡ್ತು. ಎಸೆಯಾಕೆ ಮನಸು ಬರಾಕಿಲ್ಲ, ನೀವಾದ್ರೂ ತಿನ್ರಿ” ಎಂದು ನನ್ನ ಹೆಂಡತಿಗೆ ಕೊಟ್ಟು ಹೋದರು. ಮರುದಿನವೂ ಅವರ ಅಂದಾಜು ತಪ್ಪಿತು. ಅದರ ಮರುದಿನವೂ. ಹುಟ್ಟಿದಾಗಿನಿಂದ ಮುದ್ದೆ ತೊಳಸಿದ ಕೈ, ಮೂರು ತಿಂಗಳು ದಿನಾ ತಪ್ಪುತ್ತಲೇ ಇತ್ತು. ಮುಷ್ಕರ ಮುಗಿದ ದಿನ ಸರಿಹೋಯಿತು. ನಮ್ಮ ಮನೆಯಲ್ಲಿ ಇದ್ದವರು ಮೂರು ಜನ.

ಇದನ್ನು ಯಾಕೆ ಹೇಳಿದೆ ಎಂದರೆ, ಮುಂದಿನದನ್ನು ಕೇಳುವಾಗ ನಿಮಗೆ ನನ್ನ ಮೇಲೆ ಸಿಟ್ಟು ಬರಬೇಕು, ಅದಕ್ಕೆ.

ಅಕ್ಕನ ಗಂಡ ಒಂದು ಸುಗ್ಗಿಯ ಹೊತ್ತಿಗೆ ತೀರಿಕೊಂಡರು. ವರ್ಷವೆಲ್ಲ ಕಾಯಿಲೆಯಲ್ಲಿದ್ದುದರಿಂದ ಹೊಲ ಬೀಳುಬಿದ್ದಿತ್ತು. ಆ ಸಲ ಅವರಿಗೆ ಮೆದೆ ಒಟ್ಟಲು ರಾಗಿಯೂ ಇರಲಿಲ್ಲ. ತಿಥಿಗೆ ಇನ್ನೂ ನಾಲ್ಕು ದಿನವಿರುವಾಗ ಕಣ ಸಾರಿಸುವ ಬೆಳಿಗ್ಗೆ ಬಂತು. ನಾನು ಕೆಲಸಕ್ಕೆ ಹೊರಡುತ್ತಿದ್ದೆ. ನನ್ನ ಹೆಂಡತಿ ಎರಡೂ ಕೈ ಸಗಣಿ ಮಾಡಿಕೊಂಡು, ಕೂದಲಿಗೂ ಹತ್ತಿಸಿಕೊಂಡು, ನಡ ಹಿಡಿದುಕೊಂಡು ಬಂದಳು.

“ಏನು, ಊರೆಲ್ಲ ಸಾರಿಸಿಬಂದ್ಯಾ?” ಎಂದು ರೇಗಿಸಿದೆ.

“ಎರಡು ಪಾಲು ಅಲ್ವಾ, ಹೊತ್ತಾಯ್ತು. ಮೂಲೆಮನೇದು ನಾನಲ್ದೆ ಇನ್ಯಾರು ಸಾರಿಸ್ತಾರೆ? ಸ್ವಲ್ಪ ನೀರು ಹುಯ್ರಿ ಕೈಗೆ.”

ನಾನೇ ಚೊಂಬಿನಿಂದ ನೀರು ಹುಯ್ದೆ. ಇದನ್ನು ನೆನಪಿಡಿ. ನಾನು ಕಂಡಿದ್ದೆ. ಕಂಡದ್ದಷ್ಟೇ ಅಲ್ಲ, ಆ ಸಗಣಿಯನ್ನು ತೊಳೆಯಲು ನೀರು ಹುಯ್ದವನು ನಾನೇ.

ಅದೇ ನಮ್ಮ ಕಣದ ಕೊನೆಯ ಸಾರಿಕೆಯಾಯಿತು. ಮುಂದಿನ ವರ್ಷದಿಂದ ಬೆಳೆದಷ್ಟು ರಾಗಿಯನ್ನು ಟಾರು ರಸ್ತೆಗೆ ಹರಡಿ ಲಾರಿ ಬಸ್ಸುಗಳ ಚಕ್ರಕ್ಕೆ ಬಿಡತೊಡಗಿದರು. ಆಮೇಲೆ ಬೆಳೆಯುವುದೂ ನಿಂತಿತು. ಕಣದಲ್ಲಿ ಪಾರ್ಥೇನಿಯಂ ಎದ್ದಿತು. ಆಮೇಲೆ ಬಿಲ್ಡರು ಬಂದ.

ಕಣಕ್ಕೆ ಬದಲಾಗಿ ಆರು ಮನೆ ಕೊಡುತ್ತೇನೆ, ಪಾಲುದಾರರು ಯಾರೆಂದು ನಿಮ್ಮನಿಮ್ಮಲ್ಲೇ ತೀರ್ಮಾನಿಸಿ ಹೇಳಿ ಎಂದ. ಆರನ್ನು ನಾಲ್ಕು ಪಾಲು ಮಾಡಿದರೆ ಒಂದೂವರೆ, ಮೂರು ಮಾಡಿದರೆ ಎರಡೆರಡು. ಈ ಗಣಿತಕ್ಕೆ ಎಸ್ಸೆಲ್ಸಿ ಬೇಡ, ಆದರೂ ನಮ್ಮಲ್ಲಿ ಮೊದಲು ಮಾಡಿದವನು ನಾನೇ. ಊರ ಹಿರಿಯರು ಹಾಲಿನ ಡೈರಿಯ ಮುಂದೆ ಸೇರಿದರು. ಯಾರೋ ಮಾತು ಎತ್ತಿದರು: ಮೂಲೆಮನೆಯಾಕೆ ವ್ಯವಸಾಯ ಬಿಟ್ಟವರು, ಅವರಿಗೆ ಪಾಲು ಬರುತ್ತದೆಯೆ?

ಹಿರಿಯ ಯಜಮಾನರು ನ್ಯಾಯವಂತರೇ. “ಬೇಸಾಯ ಬುಟ್ರೇನು, ಸಾರಿಸಿದ್ರೆ ಪಾಲು. ಕೊನೇ ಸುಗ್ಗೀಲಿ ಮೂಲೆಮನೇದು ಸಾರಿಸಿತ್ತಾ?” ಎಂದರು.

ಅಕ್ಕ ಡೈರಿಯ ಕಂಬಕ್ಕೆ ಒರಗಿ ನಿಂತಿದ್ದರು. “ಆಗ ನಂಗೆ ಸೂತ್ಕ ಇತ್ತಲ್ಲಪ್ಪ. ನಮ್ ತಮ್ಮಯ್ಯನ ಮನೇವ್ಳೇ ಸಾರಿಸಿದ್ಳು. ಇಲ್ಲೇ ಅವ್ನಲ್ಲ, ಕೇಳ್ರಿ” ಎಂದರು. ಎಷ್ಟು ನಿರಾಳವಾಗಿ ಎಂದರು! ಬ್ಯಾಂಕಿನಲ್ಲಿಟ್ಟದ್ದನ್ನು ಕೇಳುವವರೂ ಅಷ್ಟು ನಂಬಿಕೆಯಿಂದ ಕೇಳುವುದಿಲ್ಲ.

ಉಳಿದ ಎರಡು ಮನೆಯವರು ತಮಗೆ ನೆನಪಿಲ್ಲ ಎಂದರು. ಅವರ ಮರೆವಿಗೂ ನನ್ನದೇ ಗಣಿತ ಕಾರಣ. ಯಜಮಾನರು ನನ್ನತ್ತ ತಿರುಗಿದರು. “ಓದಿದೋನು ನೀನು. ಏಳಪ್ಪ, ನೀನು ಏಳಿದ್ದೇ ಆಖೈರು.”

ನಾನು ನೆಲ ನೋಡಿದೆ. “ನಮ್ಮನೆಯವಳು ನಮ್ಮ ಪಾಲು ಮಾತ್ರ ಸಾರಿಸಿದ್ದಳು” ಎಂದೆ.

ಡೈರಿಯಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದವನೂ ಕೈ ನಿಲ್ಲಿಸಿದ. ಯಜಮಾನರಿಗೆ ಅನುಮಾನ ಬಂದಿರಬೇಕು. “ಇನ್ನೊಂದ್ಸಲ ಯೋಚ್ನೆ ಮಾಡಿ ಏಳು” ಎಂದರು. ಅಷ್ಟರಲ್ಲಿ ಅಕ್ಕ ಮುಂದೆ ಬಂದರು. ಅವರು ಕಿರುಚುತ್ತಾರೆ, ಮಣ್ಣು ತೂರುತ್ತಾರೆ ಎಂದುಕೊಂಡಿದ್ದೆ. ಅದಕ್ಕೆ ತಯಾರಾಗಿಯೂ ಇದ್ದೆ.

“ಓಗ್ಲಿ ಬುಡ್ರಪ್ಪ” ಎಂದರು. “ಅವ್ನನ್ನ ಇನ್ನೊಂದ್ಸಲ ಕೇಳ್ಬ್ಯಾಡಿ. ಒಂದ್ಸಲ ಏಳಿದ್ದೇ ಸಾಕು ಅವ್ನಿಗೆ.”

ಅವರು ಪಾಲು ಬಿಟ್ಟುಕೊಟ್ಟರು ಎಂದು ಊರವರು ತಿಳಿದರು. ನನಗೆ ಮಾತ್ರ ಅರ್ಥವಾಗಿತ್ತು. ನಾನು ಎರಡನೇ ಸಲ ಸುಳ್ಳು ಹೇಳುವುದನ್ನು ನೋಡಲು ಅವರಿಗೆ ಮನಸ್ಸಿರಲಿಲ್ಲ.

ಮನೆಗೆ ಬಂದಾಗ ಸುದ್ದಿ ನನಗಿಂತ ಮೊದಲೇ ಬಂದಿತ್ತು. ನನ್ನ ಹೆಂಡತಿ ತನ್ನ ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದಳು. “ಈ ಕೈನೇ ಸುಳ್ಳು ಮಾಡ್ಬಿಟ್ರಲ್ರೀ” ಎಂದಳು. ಅಷ್ಟೇ. ಮಾರನೆಯ ಬೆಳಿಗ್ಗೆ ಹಿರಿಯರ ಮುಂದೆ ನಿಂತು ನಿಜ ಹೇಳುತ್ತೇನೆಂದು ಹೊರಟವಳನ್ನು ತಡೆದದ್ದು ಯಾರು ಗೊತ್ತೆ? ನಾನಲ್ಲ, ಅದೇ ಅಕ್ಕ. “ಗಂಡನ್ನ ಊರ ಮುಂದೆ ಸುಳ್ಳ ಅಂತ ಮಾಡಿ, ಆಮ್ಯಾಕೆ ಯಾವ ಮನೇಲಿ ಬಾಳ್ತೀಯವ್ವ? ನಿನ್ನ ಮಗಳ ಮದ್ವೆ ಬೇರೆ ಐತೆ. ಸುಮ್ಕಿರು” ಎಂದರಂತೆ. ತಿಂಗಳೊಳಗೆ ಮೂಲೆಮನೆಯನ್ನೂ ಬಂದಷ್ಟಕ್ಕೆ ಕೊಟ್ಟು ಚಿಕ್ಕಬಾಣಾವರದಲ್ಲಿದ್ದ ತಂಗಿಯ ಹತ್ತಿರ ಹೊರಟುಹೋದರು. ಹೋಗುವ ದಿನ ನಾನು ಓವರ್‌ಟೈಮ್ ಹಾಕಿಸಿಕೊಂಡು ಕಾರ್ಖಾನೆಯಲ್ಲೇ ಉಳಿದೆ.

ಐದಾರು ವರ್ಷಗಳ ಮೇಲೆ ಒಮ್ಮೆ ಧೈರ್ಯ ಮಾಡಿ ಹೋದೆ. ಚಿಕ್ಕಬಾಣಾವರದ ರೈಲ್ವೆ ಸ್ಟೇಷನ್ನಿಗೆ ಹತ್ತಿರದಲ್ಲೇ, ಶೀಟು ಹೊದಿಸಿದ ಬಾಡಿಗೆ ಮನೆಗಳ ಸಾಲು. ನಡುವೆ ಎರಡು ಮಂಚ ಹಾಕಬಹುದಾದಷ್ಟು ಸಿಮೆಂಟಿನ ಅಂಗಳ. ಅಲ್ಲಿ ಏಳೆಂಟು ಹೆಂಗಸರು ದೊಡ್ಡ ಪಾತ್ರೆಯ ಸುತ್ತ ಕುಳಿತು ನೆನೆಸಿದ ಅವರೆಕಾಳಿನ ಸಿಪ್ಪೆ ಬಿಡಿಸಿ ಬೇಳೆ ಹಿತುಕುತ್ತಿದ್ದರು. ಒಬ್ಬಳು ರಾಯಚೂರಿನವಳು, ಒಬ್ಬಳು ಗಾರ್ಮೆಂಟ್ಸಿನ ತಮಿಳು ಹುಡುಗಿ, ಒಬ್ಬಳ ಮಾತು ನನಗೆ ತಿಳಿಯಲೇ ಇಲ್ಲ, ಬಿಹಾರದವಳಿರಬೇಕು. ನಡುವೆ ನಮ್ಮ ಅಕ್ಕ ಕಾಲು ಚಾಚಿ ಕುಳಿತು, ಬೆರಳಿನಿಂದ ಬೇಳೆ ಹಾರಿಸುತ್ತ, “ಲೇ, ಕೆಲಸ ಮಾಡಾಕ್ ಬಂದ್ಯೋ ತಿನ್ನಾಕ್ ಬಂದ್ಯೋ” ಎಂದು ಯಾರನ್ನೋ ಬೈಯುತ್ತಿದ್ದರು. ನನ್ನನ್ನು ಕಂಡು, “ಅಯ್ಯೋ, ನಮ್ಮೂರ ತಮ್ಮಯ್ಯ ಕಣ್ರೇ! ಪಕ್ಕದ ಮನೆಯೋನು” ಎಂದು ಎಲ್ಲರಿಗೂ ಪರಿಚಯಿಸಿದರು. ಜಾಗ ಮಾಡಿ ಕೂರಿಸಿದರು. ನನ್ನ ಹೆಂಡತಿಯ ನಡುನೋವು ಹೇಗಿದೆ ಎಂದು ಕೇಳಿದರು. ಬಿಸಿ ಮುದ್ದೆ, ಹಿತುಕಿದ ಬೇಳೆಯ ಸಾರು ಬಡಿಸಿದರು.

ಈಗ ಹೇಳುವುದು ಡೈರಿಯ ಮುಂದೆ ಹೇಳಿದ ಸುಳ್ಳಿಗಿಂತ ಕೀಳು. ಅವರು ಸುಖವಾಗಿದ್ದುದನ್ನು ಕಂಡು ನನಗೆ ಕೋಪ ಬಂತು. ಅವರು ಕಣ್ಣೀರಿಡುತ್ತಿರುತ್ತಾರೆ, ನಾನು ಹೋಗಿ ಕೈಮುಗಿಯುತ್ತೇನೆ, ಇಬ್ಬರೂ ಅಳುತ್ತೇವೆ, ನನ್ನ ಭಾರ ಇಳಿಯುತ್ತದೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂದಾಜು ಹಾಕಿಕೊಂಡು ಹೋಗಿದ್ದೆ. ಅವರೋ ಹೋದಲ್ಲಿ ಮತ್ತೊಂದು ನೆರೆ ಕಟ್ಟಿಕೊಂಡು ಕುಳಿತಿದ್ದರು. ನನ್ನ ಕ್ಷಮಾಪಣೆಗೆ ಅಲ್ಲಿ ಜಾಗವೇ ಇರಲಿಲ್ಲ ಎನಿಸಿತು. ಇದೂ ಒಂದು ನೆಪ ಎಂದು ಈಗ ಗೊತ್ತಾಗುತ್ತದೆ. ಜಾಗ ಇತ್ತು. ಅವರೇ ಸರಿದು ಕೂರಿಸಿದ್ದರಲ್ಲ! ಬಾಯಿ ತೆರೆದವನು, “ಉಪ್ಪು ಸ್ವಲ್ಪ ಮುಂದಾಗಿದೆ ಅಕ್ಕಾ” ಎಂದೆ. ಉಪ್ಪು ಸರಿಯಾಗಿಯೇ ಇತ್ತು.

ನಾಲ್ಕು ವರ್ಷಗಳ ಹಿಂದೆ ನನ್ನ ಹೆಂಡತಿ ಹೋದಳು. ಮರುವರ್ಷ ಅಕ್ಕನ ತಂಗಿ ಫೋನು ಮಾಡಿ ಅಕ್ಕನೂ ಹೋದ ಸುದ್ದಿ ಹೇಳಿದರು. ಮಂಡಿನೋವು ಎಂದು ನಾನು ಮಣ್ಣಿಗೂ ಹೋಗಲಿಲ್ಲ, ತಿಥಿಗೂ ಹೋಗಲಿಲ್ಲ.

ಮೊನ್ನೆಯ ನನ್ನ ಭಾಷಣವನ್ನು ಮಗಳು ಮೊಬೈಲಿನಲ್ಲಿ ಹಿಡಿದಿದ್ದಳು. ನಿನ್ನೆ ಅವಳ ಮನೆಗೆ ಕಾಫಿಗೆಂದು ಹೋದಾಗ ಅದನ್ನು ಹಾಕಿ ತೋರಿಸಿ, “ಎಷ್ಟು ಚೆನ್ನಾಗಿ ಮಾತಾಡಿದ್ದೀಯಪ್ಪಾ” ಎಂದಳು. ನಾನು ಫೋನನ್ನು ಮಗುಚಿ ಇಟ್ಟು, ಈವರೆಗೆ ನಿಮಗೆ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ಅವಳಿರುವುದು ನನಗೆ ಬಂದ ಎರಡನೇ ಮನೆಯಲ್ಲಿ. ಅವಳು ಅಡುಗೆಮನೆಯನ್ನು, ಬಾಲ್ಕನಿಯನ್ನು ಒಂದೊಂದಾಗಿ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಚೆನ್ನಾಗಿತ್ತು.

“ಅಮ್ಮಂಗೆ ಇದೆಲ್ಲ ಗೊತ್ತಿತ್ತು. ಅದಕ್ಕೇ ಈ ಮನೆ ಹಾಲುಕ್ಕಿಸೋಕೆ ಬರಲಿಲ್ಲ ಅಲ್ವಾ?”

“ಹೂಂ.”

“ಅವರ ತಂಗಿ ಇದಾರಾ?” ಎಂದಳು.

“ಇದಾರೆ. ಚಿಕ್ಕಬಾಣಾವರದಲ್ಲೇ.”

“ಹಾಗಾದ್ರೆ ಭಾನುವಾರ ಹೋಗೋಣ. ನೀನು ನನಗೆ ಹೇಳಿದ ಹಾಗೇ ಅವರ ಮುಂದೆ ಕೂತು ಹೇಳ್ಬೇಕು. ಆಮೇಲೆ ಈ ಮನೆ ವಿಷಯ ಮಾತಾಡೋಣ, ನಾನೂ ಇರ್ತೀನಿ.” ಎದ್ದು ಕಾಫಿ ಲೋಟ ತೆಗೆದುಕೊಂಡವಳು ಹಾಗೇ ನಿಂತಳು. “ಅಪ್ಪಾ, ನಾನು ಯಾವತ್ತೂ ದೊಡ್ಡಮ್ಮ ಅಂತಲೇ ಕರೆದಿದ್ದು. ಅಲ್ಲಿ ಹೋಗಿ ಮೂಲೆಮನೆ, ಅಕ್ಕ ಅಂತ ಸುತ್ತಿ ಬಳಸಿ ಹೇಳೋದು ಬೇಡ. ಅವರ ಹೆಸರೇನು?”

ನಾನು ಆ ಹೆಸರನ್ನು ಎಂದೂ ಬಾಯಿಬಿಟ್ಟು ಆಡಿದವನಲ್ಲ. ದೊಡ್ಡವರೆಂದು ಮೊದಲು ಆಡಲಿಲ್ಲ, ಡೈರಿಯ ಆ ದಿನದ ಮೇಲೆ ಆಡುವ ಮುಖವಿರಲಿಲ್ಲ. ಮಗಳು ಕಾದಳು.

“ಮುನಿನಂಜಮ್ಮ” ಎಂದೆ.